ಮುರಿಯಲೊಲ್ಲದ ಜಾಲರಿ

ನಮ್ಮ ಟೆಸ್ಟಿಂಗ್ ಲ್ಯಾಬಲ್ಲಿ ಗಂಭೀರವಾಗಿರೋದು ಗೋಡೆ ಮೇಲಿನ ಬೋರ್ಡು ಒಂದೇ. ನರಸಾಪುರದ ಈ ಕಂಪ್ನಿಗೆ ಸೇರಿದ ಮೇಲೆ ನಗು ತಡ್ಕೊಳ್ಳೋದೇ ನನಗೆ ದೊಡ್ಡ ಡ್ಯೂಟಿ ಆಗಿಬಿಟ್ಟಿದೆ.

ಒಡೆಯೋ ಉದ್ಯೋಗ

ಲೋಹದ ಪುಡಿಯನ್ನ ಲೇಸರ್‌ನಲ್ಲಿ ಕರಗಿಸಿ, ಪದರದ ಮೇಲೆ ಪದರ ಕೂರಿಸಿ, ಜಾಲರಿ ಥರದ ಪೀಸು ಪ್ರಿಂಟ್ ಮಾಡ್ತೀವಿ. ನೋಡೋಕೆ ಪಾತ್ರೆ ಉಜ್ಜೋ ಸ್ಟೀಲ್ ನಾರಿನ ಥರ. ಅದನ್ನ ಮೆಷಿನ್ನಿಗೆ ಕಚ್ಚಿಸಿ, ಎಳೆದು ಒತ್ತಿ, ಎಳೆದು ಒತ್ತಿ, ಯಾವಾಗ ಸುಸ್ತಾಗಿ ಬಿರುಕು ಬಿಡುತ್ತೆ ಅಂತ ಕಾಯೋದು ನನ್ನ ಕೆಲಸ. ಮಾಲೂರಿನ ಮನೇಲಿ ಅಮ್ಮನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಸೊಪ್ಪು ಬಿಡಿಸ್ತಾ ಕೇಳಿಸ್ಕೊಂಡ್ಳು.

"ಇಲ್ಲಿ ಲೋಟ, ತಟ್ಟೆ ಪುಕ್ಕಟೆ ಒಡೀತಿದ್ದೆ. ಅಲ್ಲಿ ಸಂಬಳ ಕೊಟ್ಟು ಒಡೆಸ್ತಾರಾ? ಅಂತೂ ಉದ್ಧಾರ ಆದೆ ಕಣೇ!"

ಓಡೋ ಮೆಷಿನ್ನಿಗೆ ಪೂಜೆ

ಹೋದ ವರ್ಷ ಟೆಸ್ಟಲ್ಲಿ ಎರಡು ಪೀಸು ಮುರಿದುಹೋಗಿದ್ವು. ಇಷ್ಟು ಲಕ್ಷ ಸಲ ಎಳೆದು ಒತ್ತಿದ್ರೂ ತಡೀಬೇಕು ಅಂತ ಗ್ರಾಹಕರು ಇಟ್ಟಿದ್ದ ಗುರಿ ಮುಟ್ಟೋ ಮುಂಚೆ ಮೂರನೇದೂ ಮುರಿದ್ರೆ ಆರ್ಡರ್ ಹೋಯ್ತು, ಪ್ರಿಂಟಿಂಗ್ ವಿಭಾಗಕ್ಕೆ ಬೀಗ, ನಾವೆಲ್ಲ ಪ್ಯಾಕಿಂಗ್‌ಗೆ ಅಂತ ಮ್ಯಾನೇಜರ್ ಹೇಳಿಬಿಟ್ಟಿದ್ರು. ಆ ಮೂರನೇ ಪೀಸನ್ನ ಮೆಷಿನ್ನಿಗೆ ಕಚ್ಚಿಸಿ ಹಗಲೂ ರಾತ್ರಿ ಓಡಿಸ್ತಿದ್ವಿ.

ಅಷ್ಟರಲ್ಲಿ ಆಯುಧಪೂಜೆ ಬಂತು. ಪೂಜೆಗೆ ಮೆಷಿನ್ ನಿಲ್ಲಿಸಬೇಕು. ನಡುವೆ ನಿಲ್ಲಿಸಿದ್ರೆ ಗ್ರಾಹಕರು ಟೆಸ್ಟನ್ನೇ ಒಪ್ಪಲ್ಲ.

ಆಂಧ್ರ ಗಡಿಯ ನಂಗಲಿ ಕಡೆಯ ನಮ್ಮ ಫಿಟ್ಟರ್ ಅಣ್ಣ, "ಓಡ್ತಾನೇ ಇರ್ಲಿ ಬಿಡಮ್ಮಾ, ದೂರದಿಂದ ಹಾಕ್ತೀನಿ" ಅಂತ ಮೆಷಿನ್ನಿನ ಗಾಜಿನ ಬಾಗಿಲು ತೆಗೆದು ಒಂದು ಹಿಡಿ ಕುಂಕುಮ ಎರಚಿದ್ರು. ಜಾಲರಿ ಅದುರ್ತಾ ಅದುರ್ತಾ ಅಷ್ಟನ್ನೂ ಒಳಗೆ ಎಳ್ಕೊಳ್ತು.

"ದೇವುಡಾ! ನಮಗೆ ಹಣೆಗಿಡೋಕೂ ಉಳಿಸಲಿಲ್ಲ!" ಅಂದ್ರು ಅಣ್ಣ, ಕೈಮುಗಿದು.

ಬಿರುಕಿಗೊಂದು ಹೆಸರು

ಹಬ್ಬ ಮುಗೀತು, ಗ್ರಾಹಕರ ಕಡೆಯ ಇನ್‌ಸ್ಪೆಕ್ಟರ್ ಬಂದ್ರು. ಬಿರುಕು ಹುಡುಕೋಕೆ ಕೆಂಪು ಬಣ್ಣ ಹಚ್ಚೋದು ನಮ್ಮ ಕಸುಬಿನಲ್ಲಿ ರೂಢಿ. ಬಣ್ಣ ಎಲ್ಲಿ ಇಳಿದು ಕೂರುತ್ತೋ ಅಲ್ಲಿ ಬಿರುಕು ಅಂತ ಅರ್ಥ. ಗಾಜಿನಾಚೆ ಕೆಂಪಗಿದ್ದ ಜಾಲರಿ ನೋಡಿ ಅವರು ಉರಿದುಬಿದ್ರು.

"ಇಷ್ಟೊಂದು ಬಿರುಕು ಇಟ್ಕೊಂಡು ಓಡಿಸ್ತಿದೀರಾ?"

"ಸಾರ್, ಅದು ಕುಂಕುಮ" ಅಂದೆ.

"ಬಿರುಕಿಗೆ ಜನ ಏನೇನೋ ಹೆಸರಿಡೋದು ಕೇಳಿದೀನಿ ಕಣಮ್ಮ. ಕುಂಕುಮ ಅಂತ ಇಟ್ಟೋರು ನೀವೇ ಮೊದಲು!"

ಫಿಟ್ಟರ್ ಅಣ್ಣ ಗಾಜಿನ ಬಾಗಿಲು ತೆಗೆದ್ರು. ಗಾಳಿ ಪೈಪು ತಂದು ಬುಸ್ ಅಂತ ಬಿಟ್ರು. ಪೀಸು ಫಳಫಳ ಹೊಳೀತು, ಒಂದು ಗೆರೆ ಕೂಡ ಇಲ್ಲ! ಕುಂಕುಮ ಪೂರ್ತಿ ಇನ್‌ಸ್ಪೆಕ್ಟರ್ ಬಿಳಿ ಶರ್ಟಿನ ಮೇಲೆ.

ಟಣ್!

ಅವರು ಆ ಶರ್ಟಲ್ಲೇ ಮೆಷಿನ್ ಎದುರು ಕುರ್ಚಿ ಹಾಕ್ಕೊಂಡು ಕೂತ್ರು. ಸಂಜೆಗೆ ಪೀಸು ಗುರಿ ಮುಟ್ತು. ನಾವು ಚಪ್ಪಾಳೆ ಹೊಡೆಯೋಕೆ ಕೈ ಎತ್ತಿದ್ವಿ.

"ತಡೀರಿ! ನನಗಿನ್ನೂ ನಂಬಿಕೆ ಬಂದಿಲ್ಲ. ಓಡಿಸಿ ಇನ್ನೂ."

ಓಡಿಸಿದ್ವಿ. ಸ್ವಲ್ಪ ಹೊತ್ತಿಗೆ ಟಣ್ ಅಂತ ಶಬ್ದ. ನಾನು ಕಣ್ಣು ಮುಚ್ಚಿಕೊಂಡೆ. ಮುಗೀತು, ನಾಳೆಯಿಂದ ಪ್ಯಾಕಿಂಗ್ ಅಂದ್ಕೊಂಡೆ. ಯಾರೋ ಶಿಳ್ಳೆ ಹೊಡೆದ್ರು. ಕಣ್ಣು ಬಿಟ್ಟು ನೋಡ್ತೀನಿ, ಪೀಸು ಗಟ್ಟಿಮುಟ್ಟಾಗಿ ನಿಂತಿದೆ! ಮುರಿದುಬಿದ್ದಿದ್ದು ಅದನ್ನ ಹಿಡಿದಿದ್ದ ಮೆಷಿನ್ನಿನ ಹೆಬ್ಬೆರಳು ದಪ್ಪದ ಬೋಲ್ಟು. ಖುಷಿಗೆ ನನಗೆ ಅಳುವೇ ಬಂದುಬಿಡ್ತು.

ಇನ್‌ಸ್ಪೆಕ್ಟರ್ ಜಾಲರಿಯನ್ನ ಭೂತಗನ್ನಡೀಲಿ ತಿರುಗಿಸಿ ತಿರುಗಿಸಿ ನೋಡಿ, "ಆರ್ಡರ್ ನಿಮ್ದೇ" ಅಂದ್ರು. ಆಮೇಲೆ ಮುರಿದ ಬೋಲ್ಟು ಎತ್ಕೊಂಡು ಗದರಿದ್ರು: "ಅಲ್ರೀ, ನಿಮ್ಮ ಈ ಮೆಷಿನ್ನನ್ನ ಯಾರಾದ್ರೂ ಟೆಸ್ಟ್ ಮಾಡಿದಾರೇನ್ರೀ?"

ಅಲ್ಲೀತನಕ ಬಾಗಿಲ ಹತ್ರ ನಿಂತು ನೋಡ್ತಿದ್ದ ಮ್ಯಾನೇಜರ್ ಎದೆ ಸೆಟೆಸಿ ಮುಂದೆ ಬಂದ್ರು.

"ಈಗ ತಾನೇ ನಮ್ಮ ಪೀಸು ಮಾಡ್ತಲ್ಲ ಸಾರ್. ಮೆಷಿನ್ ಫೇಲು!"