ದೊಡ್ಡಪ್ಪನ ಹುರುಳಿ ದಿಂಬು

ನಿದ್ದೆಯ ವಿಷಯದಲ್ಲಿ ನಮ್ಮ ದೊಡ್ಡಪ್ಪನಿಗಿದ್ದಷ್ಟು ತಿಳಿವಳಿಕೆ ಇಡೀ ಅರಕಲಗೂಡಿನಲ್ಲಿ ಇನ್ಯಾರಿಗೂ ಇರಲಿಲ್ಲ. ಅವರಿಗೆ ಇಲ್ಲದಿದ್ದದ್ದು ನಿದ್ದೆಯೊಂದೇ!

ಅವರು ಮಾಡಿಕೊಂಡ ಮದ್ದುಗಳು ಒಂದೇ, ಎರಡೇ? ಅಂಗಾಲಿಗೆ ಹರಳೆಣ್ಣೆ ತಿಕ್ಕಿಕೊಂಡರು. ಬೆಳಿಗ್ಗೆ ಎದ್ದವರೇ ಜಾರಿ ಬಿದ್ದರು. ಗಸಗಸೆ ಪಾಯಸ ಕುಡಿದರು; ಉಳಿದದ್ದನ್ನು ಕುಡಿದ ದೊಡ್ಡವ್ವ ಗೊರಕೆ ಹೊಡೆದಳು, ಇವರು ಸೂರಿನ ಗಳ ಎಣಿಸಿದರು.

ಕೊನೆಗೆ ಅನುಮಾನ ದಿಂಬಿನ ಮೇಲೆ ಬಂತು. ದವಸದ ಅಂಗಡಿ ಇಟ್ಟವರು ಬೇರೆ, ಕಾಳಿಗೇನು ಬರವೇ! ಹತ್ತಿ ಕಿತ್ತೆಸೆದು ಹುರುಳಿ ತುಂಬಿದರು.

"ಕಾಳಿನ್ ಮ್ಯಾಲೆ ಯಾರಾರ ಮಲಗ್ತಾರಾ? ಪಾಪ ಸುತ್ಕತ್ತದೆ!" ಎಂದಳು ದೊಡ್ಡವ್ವ.

"ಕಾಲಿಟ್ರೆ ಪಾಪ ಕಣೆ. ನಾನು ತಲೆ ಇಡ್ತೀನಿ. ಅದು ನಮಸ್ಕಾರ!"

ತಲೆ ತಂಪಾದರೆ ನಿದ್ದೆ ಬರುತ್ತದೆಂದು ಒದ್ದೆ ಪಂಚೆಯನ್ನೂ ತಲೆಗೆ ಸುತ್ತಿಕೊಂಡರು. ಎರಡು ಮದ್ದೂ ಸೇರಿದವು. ನಿದ್ದೆ ಬರಲಿಲ್ಲ, ಮೂರನೆಯ ದಿನ ದಿಂಬು ಮೊಳೆಯಿತು!

ನಮ್ಮದು ಒಟ್ಟು ಮನೆ; ಅವತ್ತೇ ಚನ್ನರಾಯಪಟ್ಟಣದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು. ಯುದ್ಧದ ಕಾಲ, ಕಾಳು ಎಸೆಯಲಾದೀತೇ? ದೊಡ್ಡವ್ವ ಏಳು ನೀರಿನಲ್ಲಿ ತೊಳೆದು ಮೊಳಕೆ ಸಾರು ಮಾಡಿಬಿಟ್ಟಳು. ಗಂಡಿನ ತಂದೆ ಮೂರು ಸಲ ಹಾಕಿಸಿಕೊಂಡರು.

"ಆಹಾ! ಎಲ್ಲೀ ಉಳ್ಳಿಕಾಳು ಸಾ ಇದು?"

"ಮನೇದೇ ಸಾ," ಎಂದರು ದೊಡ್ಡಪ್ಪ, ತಲೆ ಸವರಿಕೊಳ್ಳುತ್ತಾ.

ನಾನು ನಗು ತಡೆಯಲಾರದೆ ಮುಖ ತಗ್ಗಿಸಿದೆ. ಹುಡುಗಿಗೆ ನಾಚಿಕೆ ಬಹಳ ಎಂದು ಮೆಚ್ಚಿ, ಮದುವೆ ಗೊತ್ತುಮಾಡಿಯೇ ಹೋದರು!

ಆಮೇಲೆ ರಾಗಿ ದಿಂಬಾಯಿತು, ಭತ್ತದ ಹೊಟ್ಟಿನ ದಿಂಬಾಯಿತು. ಸಾಸಿವೆ ದಿಂಬನ್ನು ಮಾತ್ರ ಅವರು ಮಾಡಿಕೊಳ್ಳಲಿಲ್ಲ. ಹಸುಗೂಸಿನ ತಲೆ ಗುಂಡಗಾಗಲೆಂದು ನಮ್ಮಲ್ಲಿ ಸಾಸಿವೆ ದಿಂಬು ಇಡುತ್ತಾರೆ. "ಅದು ಕೂಸಿನ್ ಪಾಲಿಂದು ಕಣವ್ವ," ಎನ್ನುವರು. ಅವರಿಗೆ ಮಕ್ಕಳಿರಲಿಲ್ಲ.

ನಾನು ಹೆರಿಗೆಗೆ ತವರಿಗೆ ಬಂದೆ. ಹುಟ್ಟಿದ ಮಗುವಿಗೂ ನಿದ್ದೆಯಿಲ್ಲ, ಬರೀ ಅಳು! ಒಂದು ಮಧ್ಯಾಹ್ನ ದೊಡ್ಡಪ್ಪ ತಾವೇ ಹೊಲಿದ ಸಾಸಿವೆ ದಿಂಬು ಹಿಡಿದು ಬಂದರು. ಹೊಲಿಗೆಯೆಲ್ಲ ಸೊಟ್ಟ. ಮಗುವಿನ ತಲೆಯಡಿ ಅದನ್ನಿಟ್ಟು ತೊಟ್ಟಿಲು ತೂಗಿದರು. ಮಗು ಮಲಗಿತು. ತೂಗುತ್ತಾ ತೂಗುತ್ತಾ ದೊಡ್ಡಪ್ಪನೂ ಒರಗಿದರು, ಬರೀ ನೆಲದ ಮೇಲೆ, ದಿಂಬೇ ಇಲ್ಲದೆ! ಗೊರಕೆ ಬೇರೆ!

ದೊಡ್ಡವ್ವ ಬಾಗಿಲಲ್ಲೇ ನಿಂತುಬಿಟ್ಟಳು. ಕಣ್ಣು ತುಂಬಿತ್ತು. "ಏಳಿಸ್ಬ್ಯಾಡ ಕಣವ್ವ. ಮದ್ವೆ ಆದಾಗಿಂದ ಇವ್ರು ಇಂಗ್ ಮಲಗಿದ್ ನಾ ಕಂಡಿಲ್ಲ."

ಸಂಜೆಗೆ ಮಗು ಎದ್ದಿತು. ಅವರ ಗೊರಕೆ ಇನ್ನೂ ನಿಂತಿರಲಿಲ್ಲ. ನಾನು ಮಗುವನ್ನು ಎತ್ತಿಕೊಂಡು, ಆ ಸೊಟ್ಟ ಹೊಲಿಗೆಯ ಪುಟ್ಟ ದಿಂಬನ್ನು ಮೆಲ್ಲಗೆ ಅವರ ತಲೆಯ ಕೆಳಗಿಟ್ಟೆ.