ಎರಡು ಯಂತ್ರ, ಒಬ್ಬಳೇ ಯಜಮಾನಿ

ಕಂಪ್ಯೂಟರಿನಲ್ಲಿ ಪುಸ್ತಕದ ಪುಟ ಜೋಡಿಸುವುದರಲ್ಲಿ ಇಪ್ಪತ್ತು ವರ್ಷ ಸವೆಸಿದ ಯಜಮಾನರು ಒಂದು ಭಾನುವಾರ ಘೋಷಿಸಿಯೇಬಿಟ್ಟರು: "ಇವತ್ತಿನಿಂದ ಈ ಮನೇಲಿ ಪೆನ್‌ಡ್ರೈವ್ ಹಿಡ್ಕೊಂಡು ಓಡಾಡೋದು ಬಂದ್!"

ಹೆಂಡತಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವಾಕೆ. ಆಕೆಯ ಕಂಪ್ಯೂಟರಿನಲ್ಲಿ ಲಿನಕ್ಸ್, ಇವರದರಲ್ಲಿ ವಿಂಡೋಸ್. ಎತ್ತು ಏರಿಗೆ, ಕೋಣ ನೀರಿಗೆ. ಆ ಕೋಣೆಯ ಚಿತ್ರ ಈ ಕೋಣೆಗೆ ಬರಬೇಕೆಂದರೆ ಆಕೆಯೇ ಎದ್ದು ಬರಬೇಕಿತ್ತು.

ಎರಡನ್ನೂ ಬೆಸೆಯಲು, ಈ ಯಂತ್ರದ ಇಂಥವರು ಆ ಯಂತ್ರದಲ್ಲಿ ಇಂಥ ಖಾತೆಯವರು ಎಂದು ಪಟ್ಟಿ ಬರೆದುಕೊಡಬೇಕಂತೆ. ಇಬ್ಬರಿಗೂ ಬೇರೆ ಬೇರೆ ಖಾತೆ ಇಡಿ ಎಂದು ಭಾವಮೈದ ಫೋನಿನಲ್ಲಿ ಬಡಕೊಂಡ. ಇವರು ಕೇಳಿದರೆ ತಾನೇ! ಗಂಡ ಹೆಂಡಿರಲ್ಲಿ ಎಂಥ ಬೇರೆ ಎನ್ನುತ್ತ, ತಮ್ಮ ಹೆಸರಿನ ಎದುರಿಗೆ ಆಕೆಯ ಖಾತೆಯನ್ನೇ ಬರೆದರು. ಇನ್ನು ಇವರು ಏನು ಮುಟ್ಟಿದರೂ ಆ ಯಂತ್ರದ ಲೆಕ್ಕಕ್ಕೆ ಆಕೆಯೇ ಮುಟ್ಟಿದಂತೆ. ಆಕೆಯ ಚಿತ್ರಗಳೆಲ್ಲ ಇವರ ಕಂಪ್ಯೂಟರಿನಲ್ಲೇ ಕಂಡವು. ಯಜಮಾನರು ಇಲ್ಲದ ಮೀಸೆ ತಿರುವಿದರು.

ಬುಧವಾರ ತಮ್ಮ ಯಂತ್ರ ತೆವಳುತ್ತಿದೆಯೆಂದು ಅದರೊಳಗಿನ ಕಸ ಗುಡಿಸಲು ಕೂತರು. ಹೆಂಡತಿಯ ಮೂವತ್ತೊಂದು ಚಿತ್ರಗಳು ಇಲ್ಲೇಕೆ? ಮೂಲ ಆಕೆಯ ಹತ್ತಿರ ಇದ್ದೇ ಇರುತ್ತದಲ್ಲ, ಇವು ನಕಲು ಎಂದುಕೊಂಡು ಅಳಿಸಿದರು. ಅಯ್ಯೋ, ನಕಲೆಲ್ಲಿ ಬಂತು! ಅದು ಎರಡು ಬಾಗಿಲಿನ ಒಂದೇ ಕಪಾಟು. ಎಂಟು ತಿಂಗಳ ದುಡಿಮೆ ಕಸದಬುಟ್ಟಿಗೂ ಬೀಳದೆ ಮಾಯವಾಯಿತು. ಪುಸ್ತಕ ಒಪ್ಪಿಸಲು ಉಳಿದದ್ದು ಹನ್ನೆರಡೇ ದಿನ.

ಸಂಜೆ ಆಕೆ ಖಾಲಿ ಪರದೆ ನೋಡಿ ಅತ್ತಳು. ಗುರುವಾರ ಬಂದ ರಿಪೇರಿಯವನು ಗಂಟೆಗಟ್ಟಲೆ ತಡಕಾಡಿ ಕೈಚೆಲ್ಲಿದ. ಅಳಿಸಿದ್ದು ಯಾರೆಂಬುದು ಮಾತ್ರ ದಾಖಲಾಗಿತ್ತು.

"ಮೇಡಂ, ನಿಮ್ಮ ಖಾತೆಯಿಂದಾನೇ ಹೋಗಿದೆ. ನಿನ್ನೆ ಹನ್ನೊಂದೂವರೆಗೆ."

ಆಕೆ ರಿಪೇರಿಯವನ ಕೈಗೆ ದುಡ್ಡಿಟ್ಟು ಕಳಿಸಿದಳು. ಬಾಯಿ ಬಿಟ್ಟರೆ ಬಣ್ಣಗೇಡೆಂದು ಯಜಮಾನರು ಗೋಡೆ ನೋಡಿದರು. ಆಕೆ ಮೊದಲ ಚಿತ್ರದಿಂದ ಮತ್ತೆ ಬರೆಯಲು ಕೂತಳು. ಇವರು ಚಹಾ ಮಾಡಿಕೊಟ್ಟರು, ಪಾತ್ರೆ ತೊಳೆದರು, ಯಾರೂ ಹೇಳದಿದ್ದರೂ ಕಿಟಕಿಯ ಪರದೆ ಒಗೆದರು. ತಮ್ಮ ತಪ್ಪು ಹೆಂಡತಿಯ ಹೆಸರಿನಲ್ಲಿ ಕೂತಿರುವುದನ್ನು ನೆನೆದು ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

ಭಾನುವಾರ ತಡೆಯಲಾಗಲಿಲ್ಲ. ಆಕೆಯ ಕುರ್ಚಿಯ ಪಕ್ಕ ನಿಂತು, "ಅಳಿಸಿದ್ದು ನೀನಲ್ಲ ಕಣೇ, ನಾನು" ಎಂದರು.

ಆಕೆ ಬರೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು. ಆ ಹೊತ್ತಲ್ಲಿ ನಾನು ಹಲ್ಲಿನ ಡಾಕ್ಟರ ಹತ್ರ ಇದ್ದೆ."

"ಮತ್ತೆ ಕೇಳಬಾರದಿತ್ತಾ?"

"ಚಿತ್ರ ಹೋಯ್ತಲ್ಲ ಅಂತ ಒಂದು ದಿನ ಅತ್ತೆ" ಎಂದಳು ಆಕೆ. "ಉಳಿದ ಮೂರು ದಿನ ಅತ್ತಿದ್ದು, ನೀವು ಸುಮ್ಮನಿದ್ರಲ್ಲ ಅಂತ."