ಏಳು ಜನರನ್ನು ದುಂಡುಮೇಜಿಗೆ ಕೂರಿಸಿದವರಿಗೆ

ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ತರ್ಕದ ಪ್ರಶ್ನೆಗಳನ್ನು ಹೊಸೆಯುವ ಮಾನ್ಯರೇ,

ಊಟಕ್ಕೆ ಯಾರ ಎಡಕ್ಕೆ ಯಾರು ಕೂರಬೇಕೆಂಬ ತಕರಾರಿಲ್ಲದೆ ತಾವು ಮನೆಮಂದಿಯೊಡನೆ ಸುಖವಾಗಿದ್ದೀರೆಂದು ನಂಬಿ, ವಕೀಲರೊಬ್ಬರ ಕಚೇರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಟೈಪ್ ಮಾಡುತ್ತಿರುವ ನಾನು ಈ ಪತ್ರ ಬರೆಯುತ್ತಿದ್ದೇನೆ. ಬೇರೆಯವರ ವಾದವನ್ನು ಟೈಪ್ ಮಾಡಿ ಮಾಡಿ ಸಾಕಾಗಿದೆ. ಒಂದು ಸಲವಾದರೂ ನನ್ನ ವಾದವನ್ನು ನಾನೇ ನಿಂತು ಮಂಡಿಸಬೇಕೆಂಬ ಆಸೆ. ತಮ್ಮ ಪರೀಕ್ಷೆಯನ್ನು ಮೂರೇ ಸಲ ಬರೆಯಬಹುದು, ಎರಡು ಸಲ ಎಡವಿದ್ದೇನೆ, ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೊನೆಯದು.

ಎಡವಿದ್ದು ತಮ್ಮ ದುಂಡುಮೇಜಿಗೆ, ಅಂದರೆ ಏಳು ಜನರನ್ನು ನಿಬಂಧನೆಗಳ ಪ್ರಕಾರ ಅದರ ಸುತ್ತ ಕೂರಿಸುವ ಪ್ರಶ್ನೆಗೆ. 'ಕ ಎಂಬವರು ಗ ಎಂಬವರ ಪಕ್ಕದಲ್ಲಿ ಕೂರುವುದಿಲ್ಲ' ಎಂದು ತಾವು ಒಂದೇ ಸಾಲು ಬರೆದು ಕೈತೊಳೆದುಕೊಂಡಿರಿ. ನೂರಾರು ಆಸ್ತಿ ವಿಭಾಗದ ಪತ್ರಗಳನ್ನು ಟೈಪ್ ಮಾಡಿದ ನನಗೆ, ಅವರಿಬ್ಬರೂ ಮಾತು ಬಿಟ್ಟ ಅಣ್ಣತಮ್ಮಂದಿರೆಂದು ತಕ್ಷಣ ಹೊಳೆಯಿತು. ಪಾಪ ಎನಿಸಿ ನಡುವೆ ಅವರ ತಂಗಿಯನ್ನು ಕೂರಿಸಿದೆ. ಚ ಎಂಬವರು ವಯಸ್ಸಾದವರೆಂದು ಗಾಳಿ ಬರುವ ಕಡೆ ಕುರ್ಚಿ ಕೊಟ್ಟೆ. ಇಪ್ಪತ್ತಕ್ಕೆ ನಾಲ್ಕು ಬಂತು. ಮಗಳು ಹಣೆ ಚಚ್ಚಿಕೊಂಡು, "ಅಯ್ಯೋ ಅಮ್ಮಾ, ಅವರು ಹೇಳದೇ ಇದ್ದಿದ್ದನ್ನ ನೀನ್ಯಾಕೆ ಸೇರಿಸ್ಕೋತೀಯ?" ಎಂದಳು.

ಅಂದಿನಿಂದ ಮನೆಯಲ್ಲಿದ್ದ ಏಳು ಸ್ಟೀಲ್ ಲೋಟಗಳಿಗೂ ಅಕ್ಷರದ ಚೀಟಿ ಅಂಟಿಸಿ, ದಿನವೂ ಬೆಳಿಗ್ಗೆ ಒಂದು ಗಂಟೆ ಅವರನ್ನು ಕೂರಿಸಿ ಏಳಿಸುತ್ತಿದ್ದೇನೆ. ಮನೆಯವರು ಮೂರು ತಿಂಗಳಿಂದ ಚೊಂಬಿನಲ್ಲೇ ನೀರು ಕುಡಿಯುತ್ತಿದ್ದಾರಾದರೂ ನನಗೆ ಇಪ್ಪತ್ತಕ್ಕೆ ಹದಿನೆಂಟು ಬರುತ್ತಿದೆ. ಇಂಥ ವಿದ್ಯೆ ದಯಪಾಲಿಸಿದ ತಮ್ಮನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಚಿಕ್ಕದೊಂದು ಬಿನ್ನಹ: ಈ ಸಲ ಆ ಏಳು ಜನರಿಗೆ ನಿಂತುಕೊಂಡೇ ಊಟ ಮಾಡಲು ಹೇಳಿ, ಆಗದಿದ್ದರೆ ಕ ಮತ್ತು ಗ ಅವರ ವಿಳಾಸವನ್ನಾದರೂ ಕಳಿಸಿ, ಖುದ್ದಾಗಿ ಹೋಗಿ ರಾಜಿ ಮಾಡಿಸುತ್ತೇನೆ.

ನನ್ನ ನಿಜವಾದ ದೂರೇ ಬೇರೆ. ತಮ್ಮ ವಿದ್ಯೆ ಮೇಜಿನ ಮೇಲೆ ನಿಲ್ಲದೆ ಸಂಸಾರಕ್ಕೂ ಇಳಿದಿದೆ. ಇದೇ ಭಾನುವಾರ ಮಧ್ಯಾಹ್ನದ ಊಟಕ್ಕೆ ನನ್ನ ಗಂಡ ಅವರಣ್ಣನ ಸಂಸಾರವನ್ನು, ನನ್ನನ್ನೊಂದು ಮಾತೂ ಕೇಳದೆ, ಕರೆದಿದ್ದಾರೆ. ಬುಧವಾರ ಸೊಪ್ಪು ಬಿಡಿಸುತ್ತಾ ಅತ್ತೆ, "ಹಾಗಾದ್ರೆ ಅಡುಗೆ ಯಾರು ಮಾಡ್ತಾರೆ?" ಎಂದರು. ಇಪ್ಪತ್ತೆರಡು ವರ್ಷಗಳಿಂದ ಈ ಪ್ರಶ್ನೆಗೆ 'ನಾನೇ' ಎಂದು ನಾನೇ ತುಂಬಿಕೊಳ್ಳುತ್ತಿದ್ದೆ. ಎರಡನೆಯ ಪರೀಕ್ಷೆಯ ದಿನವೂ ಹದಿನಾಲ್ಕು ಜನಕ್ಕೆ ಬೇಯಿಸಿಟ್ಟು ಹೋಗಿ, ಪ್ರಶ್ನೆಪತ್ರಿಕೆಯ ಮೇಲೆ ತೂಕಡಿಸಿದೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಈ ಸಲ ಅತ್ತೆಯ ಪ್ರಶ್ನೆಯ ನಿಬಂಧನೆಗಳನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಂಡೆ. ಮಗಳು ನನ್ನನ್ನು ಸ್ಕೂಟರಿನಲ್ಲಿ ಬಿಡಲು ಬರುತ್ತಾಳೆ. ಮನೆಯಲ್ಲಿ ಉಳಿಯುವವರು ಇಬ್ಬರು, ಅವರಿಗೆ ಕೈಗಳು ನಾಲ್ಕು. ಸೊಸೆಯೇ ಮಾಡತಕ್ಕದ್ದೆಂದು ಎಲ್ಲೂ ಬರೆದಿಲ್ಲ.

"ಕೊಟ್ಟಿರೋ ಮಾಹಿತಿ ಸಾಲದು ಅತ್ತೆ," ಎಂದು ತಮ್ಮ ಪ್ರಶ್ನೆಪತ್ರಿಕೆಯ ಕೊನೆಯ ಆಯ್ಕೆಯನ್ನೇ ಒಪ್ಪಿಸಿದೆ. ಮುಂದೆ ಈ ಮನೆಯಲ್ಲಿ ಏನೇ ಆದರೂ ತಾವೇ ಹೊಣೆಯೆಂದು ಈ ಮೂಲಕ ತಿಳಿಸಲು ವಿಷಾದಿಸುತ್ತೇನೆ.

ನಾಲ್ಕನೆಯ ಸಲ ತೊಂದರೆ ಕೊಡಲಾರದ,
ತಮ್ಮ ವಿಶ್ವಾಸಿ,
ಟೈಪಿಸ್ಟ್

ಮರೆತ ಮಾತು: ಒಂದು ಪ್ರಶ್ನೆಗೆ ತಾವು ನಮಗೆ ಕೊಡುವುದು ಒಂದೂವರೆ ನಿಮಿಷ. ಅತ್ತೆಯ ಪ್ರಶ್ನೆಯನ್ನು ತಾಯಿ ಮಗ ಇಬ್ಬರೂ ಸೇರಿ ಮೂರು ದಿನದಿಂದ ಬಿಡಿಸುತ್ತಿದ್ದಾರೆ. ಉತ್ತರ ಇಬ್ಬರಿಗೂ ಗೊತ್ತು. ಬರೆಯಲು ಮಾತ್ರ ಯಾರಿಗೂ ಧೈರ್ಯವಿಲ್ಲ.